ಚಿರಂಜೀವಿ ಅಂದಾನಪ್ಪನ ತಲೆಯ ಮೇಲೆ ಬಿಡಾರ ಹೂಡಿರುವ ಜಾವಳದವರಿಗೆ

ಗದಗ-ಬೆಟಗೇರಿ
ರವಿವಾರ, ೯ ಸೆಪ್ಟೆಂಬರ್ ೧೯೫೬

ಮಾನ್ಯ ಜಾವಳದವರೇ,

ಹಣೆಯ ಮೇಲಿಂದ ಹೊರಟು, ನಡುನೆತ್ತಿಯಲ್ಲಿ ಒಂದು ಸುತ್ತು ಸುಳಿದು, ಹೆಗಲನ್ನು ದಾಟಿ ಕೆಳಗಿಳಿದಿರುವ, ಎರಡು ವರ್ಷ ಹತ್ತು ತಿಂಗಳಿಂದ ಕತ್ತರಿಯ ಮುಖವನ್ನೇ ಕಾಣದ, ವಾರಕ್ಕೆರಡು ಸಲ ಸೀಗೆಕಾಯಿಯ ಅಭಿಷೇಕವನ್ನೂ ದಿನಕ್ಕೊಂದು ಸಲ ಕೊಬ್ಬರಿ ಎಣ್ಣೆಯ ಸೇವೆಯನ್ನೂ ಸ್ವೀಕರಿಸುತ್ತಿರುವ ತಮ್ಮ ಸನ್ನಿಧಿಗೆ, ತಾವು ಯಾವ ಹುಡುಗನ ತಲೆಯ ಮೇಲೆ ಇದ್ದೀರೋ ಆ ಹುಡುಗನ ತಾಯಿ ನೀಲಗಂಗಾ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂಬುದನ್ನು ನಾನು ದಿನವೂ ಕಣ್ಣಾರೆ ಕಾಣುತ್ತಿದ್ದೇನೆ. ನಾವು ಕ್ಷೇಮವಾಗಿಲ್ಲ, ಮತ್ತು ಅದಕ್ಕೆ ತಾವೇ ಕಾರಣ.

ಮನೆಯಲ್ಲಿ ಇಷ್ಟು ಜನರಿರುವಾಗ ಹುಟ್ಟುಗೂದಲಿಗೆ ಪತ್ರ ಬರೆಯುವುದೇಕೆ ಎಂದು ತಾವು ಕೇಳಬಹುದು. ಹಿರಿಯರಿಗೆ ಹೇಳೋಣವೆಂದರೆ ನನ್ನ ಬಾಯಿ ಏಳುವುದಿಲ್ಲ. ಧಾರವಾಡದ ಕಾಲೇಜಿನಲ್ಲಿ ನಾಲ್ಕು ವರ್ಷ ಕನ್ನಡ ಸಾಹಿತ್ಯ ಓದಿ ನಾನು ಗಳಿಸಿದ ಧೈರ್ಯವೆಲ್ಲ ಕಾಗದದ ಮೇಲಿನದು. ತಮಗಂತೂ ಕಿವಿಗಳು ಇಲ್ಲದಿದ್ದರೂ ಎರಡು ಕಿವಿಗಳ ನೆರೆಯಲ್ಲೇ ತಮ್ಮ ವಾಸ. ಆದುದರಿಂದ ಕೇಳಿಸುತ್ತದೆಂದು ನಂಬಿ ಬರೆಯುತ್ತಿದ್ದೇನೆ.

ನಮ್ಮ ಮನೆಯವರು ಹತ್ತಿಯ ಖಾತೆಯಲ್ಲಿ ನೌಕರರು. ಹತ್ತಿಯ ಎಳೆ ಎಷ್ಟು ಉದ್ದ, ಎಷ್ಟು ಗಟ್ಟಿ, ಎಷ್ಟು ನಯ ಎಂಬುದನ್ನು ಅಳೆಯುವ ಹೊಸ ವಿದ್ಯೆಯನ್ನು ಕಲಿಯಲು ಸರಕಾರ ಅವರನ್ನು ಹದಿನಾಲ್ಕು ತಿಂಗಳ ಮಟ್ಟಿಗೆ ಇಂಗ್ಲಂಡಕ್ಕೆ ಕಳಿಸುತ್ತಿದೆ. ಹೆಂಡತಿ ಮಗುವನ್ನು ಸ್ವಂತ ಖರ್ಚಿನಲ್ಲಿ ಕರೆದೊಯ್ಯಲು ಅಡ್ಡಿಯಿಲ್ಲವೆಂದು ಕಾಗದ ಬಂತು. ಹಡಗು ಮುಂಬಯಿ ಬಿಡುವುದು ಅಕ್ಟೋಬರ್ ಮೂರಕ್ಕೆ. ಊರಿಗೆ ಊರೇ ಕೂಡಿ ನಮ್ಮ ಸಾಮಾನು ಕಟ್ಟತೊಡಗಿತು. ಓಣಿಯ ದೇವವ್ವ ಒಂದು ಡಬ್ಬಿ ಶೇಂಗಾ ಹಿಂಡಿ, ಅದೇ ಚಟ್ನಿಪುಡಿ, ತಂದಿಟ್ಟು, ಇಂಗ್ಲಂಡದಲ್ಲಿ ಕಾರ ಸಿಗುವುದಿಲ್ಲವಂತೆ, ಅದಕ್ಕೇ ಅಲ್ಲಿಯವರು ಬೆಳ್ಳಗಿದ್ದಾರೆ ಎಂದು ತಿಳಿಸಿ ಹೋದಳು. ಎರಡು ಕೌದಿ, ನಾಲ್ಕು ಡಜನ್ ಕಡಕ್ ರೊಟ್ಟಿ, ಬಜೆಯ ಬೇರು, ಹರಳೆಣ್ಣೆ, ಮಗುವಿಗೆ ದೃಷ್ಟಿ ತೆಗೆಯಲು ಒಣ ಮೆಣಸಿನಕಾಯಿ, ಇವೆಲ್ಲ ಟ್ರಂಕು ಸೇರಿದವು. ನಾನು ಒಂದು ಸೀರೆ ಇಟ್ಟರೆ ಅಂದಾನಿ ಎರಡನ್ನು ತೆಗೆಯುತ್ತಿದ್ದ. ತೆಗೆದ ಜಾಗದಲ್ಲಿ ಬುಗುರಿ, ಅರ್ಧ ಸೌತೆಕಾಯಿ, ತಾನು ಆಯಿ ಎಂದು ಕರೆಯುವ ಅಜ್ಜಿಯ ವಿಭೂತಿ ಗಟ್ಟಿ, ಒಂದು ಸಲವಂತೂ ಜೀವಂತ ಬೆಕ್ಕಿನ ಮರಿಯನ್ನು ಜೋಡಿಸಿಟ್ಟು, ಮೇಲೆ ತಾನೇ ಕುಳಿತು, ಮುಚ್ಚಳ ಹಾಕೆಂದು ಹಟ ಹಿಡಿಯುತ್ತಿದ್ದ.

ಆದರೆ ಮಾನ್ಯರೇ, ನಮ್ಮೆಲ್ಲರ ಸಾಮಾನಿಗಿಂತ ಭಾರಿಯಾದದ್ದು ತಮ್ಮ ಸಾಮಾನು. ಸೀಗೆಪುಡಿಯ ಚೀಲ, ಎಣ್ಣೆಯ ಎರಡು ಬಾಟಲಿ, ಸಿಕ್ಕು ಬಿಡಿಸಲು ದಪ್ಪ ಹಲ್ಲಿನ ಹಣಿಗೆ, ಹೇನು ತೆಗೆಯಲು ಸಣ್ಣ ಹಲ್ಲಿನ ಹಣಿಗೆ, ಸಾಂಬ್ರಾಣಿ ಹಾಕಲು ಮಣ್ಣಿನ ಧೂಪಾರತಿ! ಇದನ್ನೆಲ್ಲ ಕಂಡು ನಾನು ಹಡಗಿನ ಕಂಪನಿಗೆ ತಮ್ಮ ಹೆಸರಿನಲ್ಲಿ ಬೇರೆಯೇ ಒಂದು ಟಿಕೀಟು ಕೇಳಬೇಕೆಂದುಕೊಂಡಿದ್ದೆ. ಆಗ ಕೇಳಿದ್ದರೆ ಚೆನ್ನಾಗಿತ್ತು. ತಾವು ಒಬ್ಬರೇ ಪ್ರಯಾಣ ಮಾಡಬಹುದಾಗಿತ್ತು.

ತೊಂದರೆ ಶುರುವಾದದ್ದು ಫೋಟೋದಿಂದ. ಪಾಸ್‌ಪೋರ್ಟಿಗೆ ತಾಯಿ ಮಗು ಕೂಡಿದ ಒಂದು ಚಿತ್ರ ಬೇಕಾಗಿತ್ತು. ಜಾವಳ ತೆಗೆಯುವ ಮೊದಲು ಗಂಡುಮಗುವಿಗೆ ಒಮ್ಮೆ ಹೆಣ್ಣುಮಗಳ ಹಾಗೆ ಸಿಂಗಾರ ಮಾಡಿ ಫೋಟೋ ತೆಗೆಸುವ ಪದ್ಧತಿ ನಮ್ಮಲ್ಲುಂಟು. ಹೇಗಿದ್ದರೂ ಫೋಟೋ ತೆಗೆಸುತ್ತಿದ್ದೇವೆ, ಎರಡೆರಡು ಸಲ ಹೋಗುವುದೇಕೆ ಎಂದು ನಮ್ಮ ಅತ್ತೆ ಗುರುಸಿದ್ದವ್ವನವರು ಎರಡೂ ಕೆಲಸವನ್ನು ಒಂದು ಮಾಡಿದರು. ತಮ್ಮನ್ನು ಎರಡು ಹೆರಳಾಗಿ ಹೆಣೆದು, ಸೇವಂತಿಗೆ ಮುಡಿಸಿ, ಹುಡುಗನಿಗೆ ಜರಿಯಂಚಿನ ಪರಕಾರ ತೊಡಿಸಿ, ಕಾಡಿಗೆ ಕುಂಕುಮ ಇಟ್ಟು ಬೆಟಗೇರಿಯ ಖಾಸಿಂಸಾಬರ ಸ್ಟುಡಿಯೋಕ್ಕೆ ಕರೆತಂದರು. ಖಾಸಿಂಸಾಬರು ಕರಿ ಬಟ್ಟೆಯೊಳಗಿಂದ ತಲೆ ಹೊರಗೆ ತೆಗೆದು, “ಅವ್ವಾರ, ಸರಕಾರದ ಫೋಟೋಕ್ಕ ಹೂವು ನಡೀತೈತೇನ್ರಿ?” ಎಂದು ಮೆಲ್ಲನೆ ಕೇಳಿದರು.

“ಸರಕಾರಕ್ಕ ಕಣ್ಣಿಲ್ಲೇನು? ಚಲೋ ಕಂಡ್ರ ಅದಕ್ಯಾಕ ಹೊಟ್ಟಿ ಕಡೀತೈತಿ?” ಎಂದರು ಅತ್ತೆ.

ಖಾಸಿಂಸಾಬರು ಮತ್ತೆ ಬಟ್ಟೆಯೊಳಗೆ ಹೋದರು. ಎಳೆಯ ಪರೀಕ್ಷೆಯಲ್ಲಿ ಇಷ್ಟು ಪಳಗಿದ ನಮ್ಮ ಮನೆಯವರು ಚಿತ್ರವನ್ನು ತೆರೆದೂ ನೋಡದೆ ಲಕೋಟೆಗೆ ಹಾಕಿ ಅಂಟಿಸಿದರು. ಆಗಸ್ಟಿನ ಕೊನೆಗೆ ಕಚೇರಿಯಿಂದ ಉತ್ತರ ಬಂತು. ಇಂಗ್ಲಿಷಿನಲ್ಲಿದ್ದ ಅದನ್ನು ಅವರು ಕನ್ನಡ ಮಾಡಿ ಓದುತ್ತ ಓದುತ್ತ ದನಿ ಸಣ್ಣದು ಮಾಡಿಕೊಂಡರು. ಅರ್ಜಿಯಲ್ಲಿ ಒಬ್ಬ ಮಗನನ್ನು ಕಾಣಿಸಲಾಗಿದೆ, ಚಿತ್ರದಲ್ಲಿ ಒಬ್ಬ ಮಗಳು ಕಾಣುತ್ತಿದ್ದಾಳೆ. ಸದರಿ ಮಗ ಎಲ್ಲಿದ್ದಾನೆ, ಸದರಿ ಹುಡುಗಿ ಯಾರು ಎಂಬುದನ್ನು ವಿವರಿಸಿ, ಮಗನೆಂದು ಗುರುತು ಸಿಗುವಂಥ ಹೊಸ ಚಿತ್ರವನ್ನು ಮೂರು ವಾರದೊಳಗೆ ಕಳಿಸತಕ್ಕದ್ದು.

ತಮ್ಮ ಸೌಂದರ್ಯಕ್ಕೆ ಸರಕಾರದ ಮೊಹರು ಬಿದ್ದದ್ದು ಹೀಗೆ. ಅಭಿನಂದನೆಗಳು. ನಾವು ಮಾಡದ ಉಪಾಯವಿಲ್ಲ. ಹುಡುಗನಿಗೆ ಅಂಗಿ ಚಡ್ಡಿ ತೊಡಿಸಿ ನೋಡಿದೆವು. ಅಂಗಿ ಚಡ್ಡಿ ತೊಟ್ಟ ಹುಡುಗಿ ಕಂಡಳು. ತಮ್ಮನ್ನು ಹಿಂದಕ್ಕೆ ಬಾಚಿ ನೀರು ಹಚ್ಚಿ ಕೂಡಿಸಿದರೆ ತಾವು ಎರಡು ನಿಮಿಷ ಮರ್ಯಾದೆಯಿಂದಿದ್ದು ಸುರುಳಿ ಸುರುಳಿಯಾಗಿ ಎದ್ದು ಬಂದಿರಿ. ಟೊಪ್ಪಿಗೆ ಹಾಕೋಣವೆಂದರೆ ಬರಿದಲೆಯ ಚಿತ್ರವೇ ಬೇಕೆಂದು ಅರ್ಜಿಯ ಹಿಂದೆ ಅಚ್ಚಾಗಿದೆ. ಉಳಿದದ್ದು ಒಂದೇ ದಾರಿ, ತಾವು ಇಳಿಯುವುದು. ಅತ್ತೆಯವರದೂ ಮೊದಲಿನಿಂದ ಅದೇ ಮಾತು: ತಾವು ವೀರಭದ್ರ ದೇವರ ಸ್ವತ್ತು, ದೇವರ ಸ್ವತ್ತನ್ನು ತಲೆಯ ಮೇಲೆ ಹೊತ್ತು ಸಮುದ್ರ ದಾಟಬಾರದು. ಸರಕಾರವೂ ದೇವರೂ ಒಂದೇ ಅಭಿಪ್ರಾಯಕ್ಕೆ ಬಂದದ್ದನ್ನು ಕಂಡು ನಾನು ಹಿಗ್ಗಿದೆ.

ಹಿಗ್ಗಿದ್ದು ಒಂದು ಮಧ್ಯಾಹ್ನ ಮಾತ್ರ. ಸಂಜೆ ಬೆಟಗೇರಿಯ ಪುರೋಹಿತ ಐನಾರು ಬಂದು ಪಂಚಾಂಗ ಬಿಚ್ಚಿ, ಭಾದ್ರಪದದಲ್ಲಿ ಬೇಡ, ದಸರೆಯವರೆಗೆ ಮುಹೂರ್ತವೇ ಇಲ್ಲ ಎಂದರು. ದಸರೆಗೆ ನಮ್ಮ ಹಡಗು ನಡುನೀರಿನಲ್ಲಿರುತ್ತದೆ. ಬರುವ ನವೆಂಬರಿನಲ್ಲಿ ಅಂದಾನಿಗೆ ಮೂರು ತುಂಬುತ್ತದೆ, ಮೂರು ದಾಟಿದರೆ ಐದರವರೆಗೆ ತಮ್ಮನ್ನು ಮುಟ್ಟುವ ಹಾಗಿಲ್ಲ. ಅತ್ತೆಯವರು ಇದನ್ನೆಲ್ಲ ಬೆರಳು ಮಡಿಚಿ ಲೆಕ್ಕ ಹಾಕಿ, ಐನಾರಿಗೆ ಇನ್ನೊಂದು ಲೋಟ ಹಾಲು ಕೊಟ್ಟು, ನಮ್ಮತ್ತ ತಿರುಗಿ ಹೇಳಿದರು: “ನೀವಿಬ್ರೂ ಹೋಗಿ ಬರ್ರಿ. ಕೂಸು ನನ್ನ ಕಡೆ ಇರಲಿ.”

ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅದು ಆ ಕ್ಷಣಕ್ಕೆ ಹುಟ್ಟಿದ ಮಾತಾಗಿರಲಿಲ್ಲ. ಹಡಗಿನ ಸುದ್ದಿ ಬಂದ ದಿನದಿಂದ ಅವರು ಆ ಮಾತಿಗೆ ಒಂದು ಆಧಾರ ಹುಡುಕುತ್ತಿದ್ದರು. ಆಧಾರವಾಗಿ ಒದಗಿದವರು ತಾವು. ನಮ್ಮ ಮನೆಯವರು ಕೈಯಲ್ಲಿದ್ದ ಹತ್ತಿಯ ಎಳೆಯನ್ನು ಬೆಳಕಿಗೆ ಹಿಡಿದು, ಆಮೇಲೆ ವಿಚಾರ ಮಾಡೋಣವೆಂದರು. ಅವರು ಎಳೆ ಹಿಡಿದಾಗ ಜಗತ್ತಿನ ಯಾವ ವಿಚಾರವೂ ಆಮೇಲೆಯೇ.

ಜಾವಳದವರೇ, ಹದಿನಾಲ್ಕು ತಿಂಗಳೆಂದರೆ ಏನೆಂದು ತಮಗೆ ಗೊತ್ತಿಲ್ಲ. ಈ ಹುಡುಗ ಹೋದ ತಿಂಗಳು ‘ಚಂದಪ್ಪ’ ಎನ್ನಲು ಬಾರದೆ ‘ತಂದಪ್ಪ’ ಎನ್ನುತ್ತಿದ್ದವನು ಈ ತಿಂಗಳು ಸರಿಯಾಗಿ ಅನ್ನುತ್ತಾನೆ. ಹದಿನಾಲ್ಕು ತಿಂಗಳ ಮೇಲೆ ಬಂದು ನಿಂತರೆ ನಾನು ಯಾರೆಂದು ಅವನು ತನ್ನ ಆಯಿಯನ್ನು ಕೇಳಬೇಕಾಗುತ್ತದೆ.  ಮರುದಿನ ಮಧ್ಯಾಹ್ನ ಟ್ರಂಕು ತೆರೆದು, ನನ್ನ ಸೀರೆಗಳನ್ನೆಲ್ಲ ಒಂದೊಂದಾಗಿ ತೆಗೆದು ಗೂಟಕ್ಕೆ ಹಾಕತೊಡಗಿದೆ. ಅಂದಾನಿಗೆ ಆದ ಆನಂದ ಹೇಳತೀರದು. ಎರಡು ವಾರದಿಂದ ತಾನು ಹೇಳುತ್ತಿದ್ದದ್ದನ್ನು ಅವ್ವ ಕೊನೆಗೂ ಒಪ್ಪಿದಳೆಂದು ತಿಳಿದು, ಉಣ್ಣೆಯ ಕೋಟನ್ನೂ ರೊಟ್ಟಿಯ ಗಂಟನ್ನೂ ತಂದೆಯ ಬೂಟುಗಳನ್ನೂ ಎಳೆದೆಳೆದು ಅಂಗಳಕ್ಕೆ ಒಗೆದ. ಸದ್ದಿಗೆ ಅತ್ತೆಯವರು ಬಾಗಿಲಿಗೆ ಬಂದರು.

“ಏನ್ ಮಾಡಾಕತ್ತೀ?”

“ಕೂಸಿನ್ನ ಬಿಟ್ಟು ನಾ ಹೋಗೂದಿಲ್ರಿ ಅತ್ತಿ.”

ಐದು ವರ್ಷದ ಸಂಸಾರದಲ್ಲಿ ನಾನು ಅವರೆದುರು ಆಡಿದ ಅತಿ ಉದ್ದವಾದ ವಾಕ್ಯ ಅದು. ಅವರು ಗೂಟದ ಮೇಲಿನ ಸೀರೆಗಳನ್ನೂ ಅಂಗಳದ ಬೂಟುಗಳನ್ನೂ ನೋಡಿ ಒಳಗೆ ಹೋದರು. ರಾತ್ರಿ ಊಟಕ್ಕೆ ನನಗೆ ಅವರೇ ಬಡಿಸಿದರು, ಒಂದು ರೊಟ್ಟಿ ಹೆಚ್ಚಿಗೆಯೇ ಬಿತ್ತು, ಮಾತು ಮಾತ್ರ ಬೀಳಲಿಲ್ಲ.

ಬೆಳಗಾಗುತ್ತಲೇ ಅವರು ಮೊದಲನೆಯ ಬಸ್ಸಿಗೆ ತವರೂರಾದ ಶಿರಹಟ್ಟಿಗೆ ಹೊರಟುಹೋದರು. ಸಿಟ್ಟಿನಿಂದ ಹೋದರೆಂದು ನಾನು ದಿನವಿಡೀ ಬಾಗಿಲು ಕಾದೆ. ಸಂಜೆಯ ಬಸ್ಸಿಗೆ ಮರಳಿ ಬಂದು, ಚಪ್ಪಲಿ ಬಿಡುತ್ತಲೇ ಸೆರಗಿನ ಗಂಟಿನಿಂದ ಒಂದು ಚೀಟಿ ತೆಗೆದರು. “ಬೆಟಗೇರಿ ಪಂಚಾಂಗದಾಗ ಇಲ್ಲಂದ್ರ ಇಲ್ಲೇನು? ಶಿರಹಟ್ಟಿ ಪಂಚಾಂಗದಾಗ ಐತಿ. ಸೋಮವಾರ ಮುಂಜಾನೆ ಎಂಟೂವರಿಗೆ.” ಅಲ್ಲಿಯ ಐನಾರೂ ಮೊದಲು ಇಲ್ಲವೆಂದರಂತೆ. ಅತ್ತೆಯವರು ಅವರ ಪಡಸಾಲೆಯಲ್ಲಿ ನೀರು ಕೂಡ ಮುಟ್ಟದೆ ಕುಳಿತರಂತೆ, ಐನಾರು ಪುಟಗಳನ್ನು ಹಿಂದೆ ಮುಂದೆ ನಾಲ್ಕು ಸಲ ತಿರುವಿದರಂತೆ, ನಾಲ್ಕನೆಯ ಸಲ ಮುಹೂರ್ತ ಸಿಕ್ಕಿತಂತೆ. ಅತ್ತೆಯವರು ಮದುವೆಯಾಗಿ ಇಲ್ಲಿಗೆ ಬಂದಾಗ ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿತ್ತು. ಆಮೇಲೆ ಮುಂಬಯಿಗೆ ಸೇರಿತು. ಬರುವ ನವೆಂಬರ್ ಒಂದಕ್ಕೆ ಶಿರಹಟ್ಟಿ, ಗದಗು, ನಮ್ಮ ಓಣಿ, ದೇವವ್ವನ ಒರಳು, ಎಲ್ಲವೂ ಮೈಸೂರು ರಾಜ್ಯಕ್ಕೆ ಹೊರಡುತ್ತವೆ, ಒಂದು ಟ್ರಂಕನ್ನೂ ಕಟ್ಟದೆ, ಒಂದು ಫೋಟೋವನ್ನೂ ತೆಗೆಸದೆ. ಇಷ್ಟು ದೊಡ್ಡ ವರ್ಗಾವಣೆಗೆ ಮುಹೂರ್ತ ಸಿಗುತ್ತದೆ, ನಾಲ್ಕು ಗೇಣಿನ ಹುಡುಗನ ತಲೆಗೆ ಸಿಗುವುದಿಲ್ಲವೆಂದರೆ ನಂಬುವವರು ಯಾರು?

ಆದುದರಿಂದ ತಮಗೆ ಈ ಮೂಲಕ ನೋಟೀಸು. ನಾಳೆ ಬೆಳಿಗ್ಗೆ ಎಂಟೂವರೆಗೆ ವೀರಭದ್ರ ದೇವರ ಗುಡಿಯಲ್ಲಿ ತಾವು ಮನೆ ಖಾಲಿ ಮಾಡತಕ್ಕದ್ದು. ಮೊದಲನೆಯ ಎಳೆಯನ್ನು ಕತ್ತರಿಸಲು ಹುಡುಗನ ಸೋದರಮಾವ, ಅಂದರೆ ನನ್ನ ಅಣ್ಣ ವಿರೂಪಾಕ್ಷಪ್ಪ, ಹಿರೇವಡ್ಡಟ್ಟಿಯಿಂದ ಈಗಾಗಲೇ ಬಂದಿಳಿದಿದ್ದಾನೆ. ಅಳಿಯನಿಗೆ ತಂದ ಅಂಗಿ ಇಬ್ಬರು ಅಳಿಯಂದಿರಿಗಾಗುವಷ್ಟು ದೊಡ್ಡದಿದೆ. ಇಂಗ್ಲಂಡದಿಂದ ಬರುವಾಗ ಸರಿಹೋಗುತ್ತದೆ ಎನ್ನುತ್ತಾನೆ. ಹನ್ನೊಂದಕ್ಕೆ ಖಾಸಿಂಸಾಬರು ಕಾದಿರುತ್ತಾರೆ. ಆ ಹುಡುಗಿ ಯಾರೆಂಬ ಪ್ರಶ್ನೆಗೆ ಏನು ಬರೆಯಬೇಕೆಂದು ನಮ್ಮ ಮನೆಯವರು ತಲೆ ಕೆರೆದುಕೊಳ್ಳುತ್ತಿದ್ದಾಗ ಅತ್ತೆಯವರು, “ಎರಡೂ ಹೆರಳಾ ಲಕೋಟಿಯೊಳಗ ಹಾಕಿ ಕಳಸು, ಇಕಿನ ಆಕಿ ಅಂತ ಬರಿ” ಎಂದರು. ದೇವರ ಸ್ವತ್ತೆಂಬ ಕಾರಣಕ್ಕೆ ಆ ಸಲಹೆ ಬಿದ್ದುಹೋಯಿತು. ಇಲ್ಲದಿದ್ದರೆ ತಾವು ರಜಿಸ್ಟರ್ ಟಪಾಲಿನಲ್ಲಿ ಮುಂಬಯಿ ನೋಡುತ್ತಿದ್ದಿರಿ.

ಇಳಿಯುವಾಗ ಕೆಲವು ಕೃಪೆ ಮಾಡಬೇಕು. ಹುಡುಗ ಅಳದ ಹಾಗೆ ಇಳಿಯಿರಿ. ಸಾಧ್ಯವಾದರೆ ಕತ್ತರಿ ಬರುವ ಮುಂಚೆಯೇ ತಾವಾಗಿ ಎದ್ದು, ಎಲೆಯ ಮೇಲೆ ಸಾಲಾಗಿ ಕುಳಿತುಬಿಡಿ. ಹೋಗುವ ಮುನ್ನ ತಮ್ಮ ಸುರುಳಿಗಳನ್ನು ನಮ್ಮ ಮನೆಯವರ ತಲೆಗೆ ಬರೆದುಕೊಟ್ಟು ಹೋದರೆ ಒಳ್ಳೆಯದು, ಅಲ್ಲಿ ಜಾಗ ಬೇಕಾದಷ್ಟಿದೆ.

ಇನ್ನೊಂದು ಬೇಡಿಕೆ ಎಲ್ಲಕ್ಕಿಂತ ಮುಖ್ಯವಾದದ್ದು. ದಿನವೂ ಬೆಳಗಿನ ಬಿಸಿಲಿಗೆ ಕಟ್ಟೆಯ ಮೇಲೆ ಮೊಮ್ಮಗನನ್ನು ಮೊಣಕಾಲ ನಡುವೆ ಕೂಡಿಸಿಕೊಂಡು ಅತ್ತೆಯವರು ತಮ್ಮನ್ನು ಬಾಚುವುದನ್ನು ತಾವು ಬಲ್ಲಿರಿ. ಶಿರಹಟ್ಟಿಗೆ ಹೋಗಿ ಹಟಹಿಡಿದು ಮುಹೂರ್ತ ತಂದವರು ನಾಳೆ ಕೊನೆಯ ಸಲ ಹಣಿಗೆ ಹಿಡಿಯುತ್ತಾರೆ. ಆದುದರಿಂದ ಇವತ್ತು ರಾತ್ರಿ ಮಲಗಿದಲ್ಲೇ ಹೊರಳಾಡಿ, ಎಷ್ಟು ಸಿಕ್ಕಾಗಬಹುದೋ ಅಷ್ಟು ಸಿಕ್ಕಾಗಿ ಏಳಿರಿ. ಎಳೆ ಎಳೆಗೂ ಗಂಟು ಬೀಳಲಿ. ಬಿಡಿಸಿ ಮುಗಿಸಲು ಅವರಿಗೆ ಒಂದು ತಾಸಾದರೂ ಹಿಡಿಯಲಿ. ಎಂಟೂವರೆ ಮೀರಿದರೆ ಮೀರಲಿ, ಶಿರಹಟ್ಟಿಯ ಐನಾರು ಐದನೆಯ ಸಲ ಪುಟ ತಿರುವುತ್ತಾರೆ.

ಮೂರು ವರ್ಷ ಒಂದೇ ತಲೆಯನ್ನು ನಂಬಿದ ತಮ್ಮ ನಿಷ್ಠೆಗೆ ತಲೆಬಾಗುತ್ತ,

ತಮ್ಮ ವಿಶ್ವಾಸಿ,
ನೀಲಗಂಗಾ
(ಸದರಿ ತಲೆಯ ತಾಯಿ)

ತಾ.ಕ.: ಈ ಪತ್ರ ಮಡಿಚುತ್ತಿರುವಾಗ ದೇವರ ಕೋಣೆಯಿಂದ ಸುದ್ದಿ ಬಂದಿದೆ. ಅತ್ತೆಯವರು ಈಗಷ್ಟೇ ಹೊಸ ಹರಕೆ ಹೊತ್ತರಂತೆ: ಕೂಸು ಸುಖವಾಗಿ ತಿರುಗಿ ಬಂದು ಆಯಿಯ ಮೊಣಕಾಲ ನಡುವೆ ಕೂಡುವವರೆಗೆ, ನಾಳೆಯ ನಂತರ ಹುಟ್ಟುವ ಒಂದು ಕೂದಲಿಗೂ ಕತ್ತರಿ ತಾಗಕೂಡದು. ಬೋಳುದಲೆಯ ಚಿತ್ರ ಹಿಡಿದು ಹೋಗುವ ಈ ಹುಡುಗ ಹದಿನಾಲ್ಕು ತಿಂಗಳ ಮೇಲೆ ಮುಂಬಯಿ ಬಂದರಿನಲ್ಲಿ ಜಡೆ ಬಿಟ್ಟುಕೊಂಡು ಇಳಿಯುತ್ತಾನೆ. ಆಗ ಅಧಿಕಾರಿಗಳಿಗೆ ಹೇಳಬೇಕಾದ ಸಮಾಧಾನವನ್ನು ಈಗಿನಿಂದಲೇ ಯೋಚಿಸಿಟ್ಟುಕೊಳ್ಳುವಂತೆ ತಮ್ಮ ವಾರಸುದಾರರಿಗೆ ತಿಳಿಸಿಯೇ ಇಳಿಯಿರಿ.