ಕಾಕಾ ಮತ್ತು ಕೆಂಪು ಕಂಬ

ನಾನು ಬಂಕಾಪುರದಲ್ಲಿ ಹೆದ್ದಾರಿ ಪಕ್ಕ ಟ್ರ್ಯಾಕ್ಟರಿನ ಹೈಡ್ರಾಲಿಕ್ ರಿಪೇರಿ ಮಾಡುವವನು. ಎಣ್ಣೆಯ ಒತ್ತಡದಿಂದ ರಂಟಿ, ಅಂದರೆ ನೇಗಿಲು, ಎತ್ತುವುದು, ಟ್ರಾಲಿ ಸುರುವುವುದು, ತಗ್ಗು ತೋಡುವುದು, ಇಷ್ಟೇ ನನ್ನ ಪ್ರಪಂಚ. ಹಾನಗಲ್ಲಿನ ಭತ್ತದ ಕೆಸರಿನಿಂದಲೂ ಹಿರೇಕೆರೂರಿನ ಗೋವಿನಜೋಳದ ಹೊಲದಿಂದಲೂ ಗಿರಾಕಿಗಳು ಬರುತ್ತಾರೆ, ಬರುವಾಗ ಒಂದೊಂದು ಫಜೀತಿ ಹೊತ್ತೇ ಬರುತ್ತಾರೆ. ಆದರೆ ಹತ್ತಿಮತ್ತೂರಿನಲ್ಲಿ ನಮ್ಮ ಕಾಕಾ ಇರುವ ತನಕ ನನಗೆ ನಗುವುದಕ್ಕಾಗಲಿ ಅಳುವುದಕ್ಕಾಗಲಿ ಹೊರಗಿನ ಗಿರಾಕಿ ಬೇಕಾಗಲಿಲ್ಲ.

ಕಾಕಾನದು ಸಣ್ಣ ಹೊಲ. ಎತ್ತು ಮಾರಿ ಹಳೆಯ ಟ್ರ್ಯಾಕ್ಟರ್ ತಂದ ದಿನ ಅವನ ಹೆಂಡತಿ, ಅಂದರೆ ನಮ್ಮ ಚಿಗವ್ವ, ನನ್ನ ಕೈ ಹಿಡಿದುಕೊಂಡಳು. “ತಮ್ಮಾ, ಮಶಿನ್ ಏನರ ಆಗ್ಲಿ. ನಿಮ್ಮ ಕಾಕಾನ್ನ ಮಾತ್ರ ಇಡೀಕ ಉಳಿಸ್ಕೊಡು” ಅಂದಳು. ನಾನು ಹೂಂ ಅಂದುಬಿಟ್ಟೆ. ಟ್ರ್ಯಾಕ್ಟರ್ ಉಳಿಸುವುದಾಗಿದ್ದರೆ ನನಗೆ ಗೊತ್ತಿತ್ತು.

ಸೋಮವಾರದ ಸೂಟಿ

ನಮ್ಮ ಕಡೆ ಸೋಮವಾರ ಬಸವಣ್ಣನ ವಾರ. ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎತ್ತು ಹೋದರೂ ಕಾಕಾನ ನೇಮ ಹೋಗಲಿಲ್ಲ, ಟ್ರ್ಯಾಕ್ಟರಿಗೂ ಸೋಮವಾರ ಸೂಟಿ ಕೊಟ್ಟ. ಸೂಟಿ ಅಂದರೆ ಬರೀ ನಿಲ್ಲಿಸುವುದಲ್ಲ. ಆ ದಿನ ರಂಟಿ ನೆಲಕ್ಕೆ ತಾಕಬಾರದು. ಹಾಗಾಗಿ ರವಿವಾರ ಸಂಜೆಯೇ ಲಿಫ್ಟಿನಿಂದ ರಂಟಿಯನ್ನು ಮೇಲೆತ್ತಿ, ಇಂಜಿನ್ ಬಂದ್ ಮಾಡಿ, ಅದಕ್ಕೆ ವಿಭೂತಿ ಹಚ್ಚಿ ಬಿಡುತ್ತಿದ್ದ.

ಹಳೆಯ ಲಿಫ್ಟು. ಒಳಗಿನ ವಾಷರ್ ಸವೆದು ಎಣ್ಣೆ ಮೆಲ್ಲಗೆ ಜಾರುತ್ತಿತ್ತು. ಒಂದು ಸೋಮವಾರ ಮಧ್ಯಾಹ್ನ ರಂಟಿಯ ಬದಿಯಲ್ಲೇ ನೆರಳಿಗೆ ಕಾಕಾ ಮಲಗಿದ್ದ, ಚಪ್ಪಲಿ ಬಿಟ್ಟದ್ದು ರಂಟಿಯ ಕೆಳಗೆ. ಎದ್ದು ನೋಡಿದರೆ ರಂಟಿಯ ಕುಳ ಎಡಗಾಲಿನ ಚಪ್ಪಲಿಯನ್ನು ನೆಲಕ್ಕೆ ಹೊಲಿದಿತ್ತು. ಚಿಗವ್ವ ಎದೆ ಬಡಿದುಕೊಂಡು ನನಗೆ ಫೋನ್ ಮಾಡಿದಳು. ನಾನು ಓಡಿ ಹೋದರೆ ಕಾಕಾ ತಲೆಗೆ ಕೈಕೊಟ್ಟು ಕುಂತಿದ್ದ.

“ಕಾಲು ಉಳೀತಲ್ಲ ಕಾಕಾ, ಬಿಡು” ಅಂದೆ.

“ಕಾಲಿಂದಲ್ಲೋ! ಸೋಮವಾರ ನೆಲಾ ಮುಟ್ಟಿತಲ್ಲೋ ಇದು!”

ಮರುದಿನ ಲಿಫ್ಟು ಬಿಚ್ಚಿ ವಾಷರ್ ಬದಲಿಸಿದೆ. ಜೊತೆಗೆ ಜಾಲಿಮರದ ದಪ್ಪ ಕಂಬವೊಂದನ್ನು ಕೊಯಿಸಿ, ಕೆಂಪು ಬಣ್ಣ ಬಳಿದು ತಂದುಕೊಟ್ಟೆ. ರಂಟಿ ಇರಲಿ, ಟ್ರಾಲಿ ಇರಲಿ, ಮೇಲೆತ್ತಿದಾಗ ಅದರ ಕೆಳಗೆ ಈ ಕಂಬದ ಆಸರೆ ಕೊಡದೆ ಹತ್ತಿರ ಹೋಗಬಾರದು ಎಂದು ಆಣೆ ಹಾಕಿಸಿಕೊಂಡೆ. ಮುಂದಿನ ಸೋಮವಾರ ಹೋದೆ. ರಂಟಿ ಗಾಳಿಯಲ್ಲಿತ್ತು, ಕಂಬ ಗೋಡೆಗೆ ಒರಗಿತ್ತು.

“ಆಸರ ಯಾಕ ಕೊಟ್ಟಿಲ್ಲ ಕಾಕಾ?”

“ಎಲ್ಲಾರಿಗೂ ಸೂಟಿ ಕೊಟ್ಟಮ್ಯಾಲ ಕಂಬಾ ಒಂದನ್ನ ಯಾಕ ದುಡಿಸ್ಲಿ?”

ಹೀರೆಬಳ್ಳಿ

ಅಲ್ಲಿಂದ ಮುಂದೆ ಆ ಕಂಬ ಮಾಡದ ಕೆಲಸವಿಲ್ಲ, ತನ್ನ ಕೆಲಸವೊಂದನ್ನು ಬಿಟ್ಟು. ಅದಕ್ಕೆ ಎಮ್ಮೆ ಕಟ್ಟಿದರು, ಅರಿವೆ ಒಣಹಾಕಿದರು, ನೆಂಟರು ಬಂದಾಗ ಬಚ್ಚಲಿಗೆ ಪರದೆ ಕಟ್ಟಿದರು. ನಾನು ಹೋದಾಗಲೆಲ್ಲ ಮೊದಲು ಕಾಕಾ ಎಲ್ಲಿ ಎಂದು ಕೇಳುತ್ತಿರಲಿಲ್ಲ, ಕಂಬ ಎಲ್ಲಿ ಎಂದು ಕೇಳುತ್ತಿದ್ದೆ.

ಒಂದು ಸಲ ಹೋದಾಗ ಗೊಬ್ಬರದ ಟ್ರಾಲಿ ಜಾಕಿನ ಮೇಲೆ ಆಕಾಶ ನೋಡುತ್ತಿತ್ತು. ಅದರ ಕೆಳಗೆ ಎರಡು ಕಾಲು ಮಾತ್ರ ಕಾಣುತ್ತಿದ್ದವು. ನಾನು ಗಾಡಿ ಅಲ್ಲೇ ಕೆಡವಿ ಓಡಿದೆ. ಕಾಲು ಅಲ್ಲಾಡಿತು. ಕಾಕಾ ಗ್ರೀಸ್ ಹಚ್ಚುತ್ತಿದ್ದ.

“ಕಾಕಾ, ಕಂಬ ಎಲ್ಲೈತಿ?” ಒದರಿದೆ.

“ಹಿತ್ತಲದಾಗ, ಹೀರೆಬಳ್ಳಿಗೆ ಕೊಟ್ಟೇನಿ. ಎದಕ್ಕ ಒದರಾಕತ್ತಿ?”

“ಅದನ್ನ ತಂದು ಇಲ್ಲಿ ಕೊಡು ಮಾರಾಯಾ!”

“ಬಳ್ಳಿ ಬಿದ್ರ ಕಾಯಿ ಕೆಡ್ತಾವೋ.”

“ಟ್ರಾಲಿ ಬಿದ್ರ?”

ಒಳಗಿನಿಂದ ಗ್ರೀಸಿನ ಡಬ್ಬಿ ಸರಿದ ಸಪ್ಪಳ ಬಂತು. ಆಮೇಲೆ, “ಟ್ರಾಲಿ ಬಿದ್ರ ಕಾಯಿಗೇನೂ ಆಗೂದಿಲ್ಲ” ಅಂದ.

ಟವೆಲ್ ಒಗೆದದ್ದು

ಇದನ್ನು ನಗುತ್ತ ಹೇಳುವುದು ನನಗೆ ಈಗಲೂ ಕಷ್ಟ. ಲಿಫ್ಟಿನ ಪೈಪಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತು ಬಿದ್ದಿತ್ತು. ನೀರಿನ ಪೈಪು ಸೋರಿದಾಗ ಬೆರಳಾಡಿಸಿ ಹುಡುಕುತ್ತೇವಲ್ಲ, ಕಾಕಾ ಇಂಜಿನ್ ಚಾಲೂ ಇಟ್ಟು ಹಾಗೆಯೇ ತೋರುಬೆರಳು ಆಡಿಸಿದ. ಸೂಜಿ ಚುಚ್ಚಿದಂತಾಯಿತಂತೆ. ಒಂದು ಹನಿ ರಕ್ತ, ಅಷ್ಟೇ. ಚಿಗವ್ವ ಅರಿಷಿಣ ಹಚ್ಚಿದಳು. ಆಮೇಲೆ ಪೈಪು ಬದಲಿಸಬೇಕು ಬಾ ಎಂದು ನನಗೆ ಫೋನ್ ಮಾಡಿದ, ಬೆರಳಿನ ಸುದ್ದಿಯನ್ನು ಮಾತಿನ ಕೊನೆಗೆ ನಕ್ಕೋತ ಹೇಳಿದ.

ಕೈಲಿದ್ದ ಪಾನಾ ಬಿಸಾಕಿ ಎದ್ದೆ. ಆ ತೂತಿನಿಂದ ಒತ್ತಡಕ್ಕೆ ಹಾರುವ ಎಣ್ಣೆ ಚರ್ಮ ಸೀಳಿಕೊಂಡು ಒಳಗೆ ಹೋಗಿ ಮಾಂಸವನ್ನೇ ಕೊಳೆಸುತ್ತದೆ. “ಕಾಕಾ, ಈಗಿಂದೀಗ ಹುಬ್ಬಳ್ಳಿ ದವಾಖಾನಿಗೆ ನಡಿ” ಅಂದೆ.

“ಮುಳ್ಳು ಚುಚ್ಚಿದ್ದಕ್ಕ ಹುಬ್ಬಳ್ಳಿಗೆ ಹೋಗ್ತಾರೇನೋ? ನಕ್ಕಾರು ಮಂದಿ.”

ನಾನು ಗಾಡಿ ತಗೊಂಡು ಹೋಗಿ ಬೈದು, ಕೈಮುಗಿದು, ಕೊನೆಗೆ ಎತ್ತಿ ಕೂರಿಸಿಕೊಂಡು ಹೋಗುವಷ್ಟರಲ್ಲಿ ಸಂಜೆಯಾಗಿತ್ತು, ಬೆರಳು ಬದನೆಕಾಯಿಯಂತೆ ಉಬ್ಬಿ ಕಪ್ಪಾಗಿತ್ತು. ಕೈ ಉಳಿಯಿತು. ಬೆರಳು ಉಳಿಯಲಿಲ್ಲ. ದವಾಖಾನೆಯ ಕಟ್ಟೆಯ ಮೇಲೆ ಚಿಗವ್ವ ನನಗೆ ಚಾ ತಂದುಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು. ನಾನು ಗೋಡೆ ಕಡೆ ಮುಖ ಮಾಡಿ ಅತ್ತೆ.

ಕಾಕಾ ಆ ಬೆರಳನ್ನು ಹಟ ಹಿಡಿದು ಕೇಳಿ ತಂದ. ಅದಕ್ಕೆ ವಿಭೂತಿ ಹಚ್ಚಿ, ಬಿಳಿ ಅರಿವೆಯಲ್ಲಿ ಸುತ್ತಿ, ಹೊಲದ ಮೂಲೆಯ ಬೇವಿನಮರದ ಕೆಳಗೆ ಮಣ್ಣು ಮಾಡಿದ. ಚಿಗವ್ವ ಬಿಕ್ಕುತ್ತಿದ್ದಳು. ನಾನು ಅವನ ಹೆಗಲ ಮೇಲೆ ಕೈ ಇಟ್ಟೆ. ಅವನು ಮಣ್ಣು ತಟ್ಟಿ ಎದ್ದು ಹೇಳಿದ:

“ಬಸ್ಸಿನ್ಯಾಗ ಸೀಟ ಹಿಡ್ಯಾಕ ಟವೆಲ್ ಒಗದಂಗ ಒಗದೇನಿ. ಈ ಜಾಗಾ ನಂದು, ಯಾರೂ ಕುಂದ್ರಬ್ಯಾಡ್ರಿ.”

ಕಂಬದ ಕೆಲಸ

ಹೋದ ಬೇಸಿಗೆಯಲ್ಲಿ ಮುಂಜಾನೆ ಚಿಗವ್ವನ ಫೋನ್ ಬಂತು. “ನಿಮ್ಮ ಕಾಕಾ ಹೋದ್ರು ತಮ್ಮಾ.”

“ಟ್ರಾಲಿ ಕೆಳಗನ?” ನನ್ನ ಬಾಯಿಂದ ಮೊದಲು ಬಂದದ್ದು ಇದೇ.

“ಇಲ್ಲೋ. ಹೊರಸಿನ ಮ್ಯಾಲ. ಚಾ ಕುಡಕೋತ.”

ಅಳುವಿಗಿಂತ ಮೊದಲು ನನಗೆ ಸಮಾಧಾನವಾಯಿತು. ಅದಕ್ಕೆ ನಾಚಿಕೆಯಾಗಿ ಆಮೇಲೆ ಹೆಚ್ಚು ಅತ್ತೆ.

ಟವೆಲ್ ಒಗೆದ ಜಾಗದಲ್ಲೇ, ಬೇವಿನಮರದ ಕೆಳಗೆ ಕುಣಿ ತೋಡಲು ಹೋದರೆ ಎರೆಮಣ್ಣು ಒಣಗಿ ಕಲ್ಲಾಗಿತ್ತು, ಗುದ್ದಲಿ ಪುಟಿಯುತ್ತಿತ್ತು. ಕಾಕಾನ ಟ್ರ್ಯಾಕ್ಟರಿಗೇ ನಾನು ಹಿಂದುಗಡೆ ತಗ್ಗು ತೋಡುವ ಬಕೆಟ್ ಕೂರಿಸಿಕೊಟ್ಟಿದ್ದೆ. ಓಣಿಯವರು ಅದನ್ನೇ ತರ್ರಿ ಅಂದರು. ನಾನೇ ನಡೆಸಿದೆ. ಅಳುತ್ತ ಲಿವರ್ ಎಳೆಯುವುದು ಎಂಥ ಕೆಲಸ ಎಂದು ಆವತ್ತು ತಿಳಿಯಿತು.

ನಮ್ಮಲ್ಲಿ ಮಣ್ಣು ಮಾಡುವುದು ಕೂರಿಸಿ. ಕುಣಿಯ ಒಳಗೆ ಬದಿಗೆ ಗೂಡು ಕೊರೆಯುವುದು ಕೈಯಿಂದಲೇ ಆಗಬೇಕು. ಅದಕ್ಕೆಂದು ಪಕ್ಕದ ಹೊಲದ ಗೌಡರು ಕಚ್ಚೆ ಕಟ್ಟಿ ನಿಂತಿದ್ದರು. ಬಕೆಟ್ ಮೇಲೆತ್ತಿದೆ, ಪಕ್ಕಕ್ಕೆ ತಿರುಗಿಸಲು ಹೋದೆ, ಅಷ್ಟರಲ್ಲಿ ಬಕೆಟ್ಟಿನ ಪೈಪು ಬುಸ್ ಎಂದಿತು. ನೋಡಿದರೆ ನಾನು ಬದಲಿಸು ಎಂದು ಹೇಳಿ ಹೇಳಿ ಸೋತ ಪೈಪು. ಕಾಕಾ ಅದಕ್ಕೆ ಸೈಕಲ್ ಟ್ಯೂಬ್ ಸುತ್ತಿ, ಮೇಲೆ ವಿಭೂತಿ ಎಳೆದಿದ್ದ. ಎಣ್ಣೆ ಸೋರಿತು. ಬಕೆಟ್ ಕುಣಿಯ ಮೇಲೆಯೇ ನಿಂತು, ನಮ್ಮ ಕಣ್ಣೆದುರಿಗೇ ಇಷ್ಟಿಷ್ಟೇ ಕೆಳಗಿಳಿಯತೊಡಗಿತು. ಟ್ರ್ಯಾಕ್ಟರನ್ನು ಮುಂದೆ ಒಯ್ಯೋಣವೆಂದರೆ ನೆಲಕ್ಕೆ ಊರಿದ ಅದರ ಕಬ್ಬಿಣದ ಕಾಲುಗಳೂ ಹೈಡ್ರಾಲಿಕ್ಕಿನವೇ, ಮೇಲೇಳಲಿಲ್ಲ.

ವಾದ್ಯದವರು ಬಾರಿಸುವುದನ್ನು ನಿಲ್ಲಿಸಿದರು. ಹೆಣ ಕೂರಿಸಿ ಹೊರುವ, ಹೂವಿನಿಂದ ಸಿಂಗರಿಸಿದ ವಿಮಾನದಲ್ಲಿ ಕಾಕಾ ನೆಟ್ಟಗೆ ಕುಂತು ನಮ್ಮ ಫಜೀತಿ ನೋಡುತ್ತಿದ್ದ.

“ಗೌಡ್ರ, ಇಳೀರಿ, ಹೊತ್ತಾಕ್ಕೈತಿ” ಅಂದರು ಯಾರೋ.

“ಆಸರ ಕೊಡದ ನಾ ಇಳ್ಯೂದಿಲ್ರಿ” ಅಂದರು ಗೌಡರು. “ಆ ಕೆಂಪು ಕಂಬ ಎಲ್ಲೈತಿ? ಮೊದ್ಲ ಅದನ್ನ ತರ್ರಿ.”

ನಾನು ಇಷ್ಟು ವರ್ಷ ಬಡಿದುಕೊಂಡದ್ದು ಇಡೀ ಹತ್ತಿಮತ್ತೂರಿಗೆ ತಿಳಿದಿತ್ತು, ಒಬ್ಬನನ್ನು ಬಿಟ್ಟು. ನಾಲ್ಕು ಜನ ಮನೆಗೆ ಓಡಿದರು. ಹಿತ್ತಲಲ್ಲಿಲ್ಲ, ಕೊಟ್ಟಿಗೆಯಲ್ಲಿಲ್ಲ, ಬಚ್ಚಲಲ್ಲಿಲ್ಲ. ಬರಿಗೈಲಿ ಬಂದರು. ವಿಮಾನದ ಪಕ್ಕ ಕುಂತಿದ್ದ ಚಿಗವ್ವ ಆಗ ಎದ್ದಳು. ವಿಮಾನದ ಹಿಂದೆ ಹೋಗಿ ಚೆಂಡುಹೂವಿನ ಮಾಲೆ ಸರಿಸಿ, ಶಾಲಿನ ಚುಂಗು ಎತ್ತಿದಳು. ಕಾಕಾನ ಬೆನ್ನಿಗೆ ಕೆಂಪು ಕಂಬ. ವಾಲಬಾರದೆಂದು ಕೂರಿಸಿದವರು ಕೈಗೆ ಸಿಕ್ಕಿದ್ದನ್ನು ಕಟ್ಟಿದ್ದರು.

ಗೌಡರಿಗೆ ಮೊದಲು ನಗು ಬಂತು. ಆಮೇಲೆ ಎಲ್ಲರಿಗೂ. ಅಳುವವರು ಅಳುತ್ತಲೇ ನಕ್ಕರು. ನಾನು ಕಂಬ ಬಿಚ್ಚಲು ಕೈ ಹಾಕಿದೆ. ಚಿಗವ್ವ ನನ್ನ ಕೈ ಹಿಡಿದಳು, ಟ್ರ್ಯಾಕ್ಟರ್ ತಂದ ದಿನ ಹಿಡಿದಂತೆಯೇ.

“ಬಿಚ್ಚಬ್ಯಾಡ ತಮ್ಮಾ. ಜಲ್ಮದಾಗ ಒಮ್ಮೆ ಆಸರ ಹಚ್ಚಿಕೊಂಡಾರ, ಇರ್ಲಿ. ಗುದ್ದಲಿ ತಗೋರಿ, ಬೆರಳಿನ ಆ ಮಗ್ಗಲಕ ಬ್ಯಾರೆ ಕುಣಿ ತೋಡ್ರಿ.”