ಜಿವ್ಕೊನ ಗೋಣು

ಅಂದು ಬೆಳಗ್ಗೆ ಕೆಲಸ ಕೊಡಿಸುವ ಏಜೆನ್ಸಿಯ ರಲಿತ್ಸಾ ಫೋನು ಮಾಡದೆ ಇದ್ದಿದ್ದರೆ ಜಿವ್ಕೊನ ಗೋಣು ಹುಟ್ಟಿದಾಗಿನಿಂದ ಆಡಿಕೊಂಡು ಬಂದಂತೆಯೇ ಆಡಿಕೊಂಡಿರುತ್ತಿತ್ತು. ನಮ್ಮ ರೂಸೆ ಊರಿನಲ್ಲಿ, ಊರೇನು ಬಂತು, ಇಡೀ ಬಲ್ಗೇರಿಯಾದಲ್ಲಿ, ಹೌದು ಎನ್ನಲು ತಲೆಯನ್ನು ಅಡ್ಡಡ್ಡ ಆಡಿಸುತ್ತೇವೆ, ಇಲ್ಲ ಎನ್ನಲು ಮೇಲೆ ಕೆಳಗೆ. ನಮ್ಮ ಅಜ್ಜಂದಿರೂ ಹಾಗೆಯೇ ಆಡಿಸಿದ್ದರು. ಮಿಕ್ಕ ಲೋಕವೆಲ್ಲ ಉಲ್ಟಾ ಆಡಿಸಿದರೆ ಅದು ಲೋಕದ ಕರ್ಮ.

ಆದರೆ ಕೆಲಸ ಕೊಡುವುದು ಲೋಕ. ರಲಿತ್ಸಾ ಹೇಳಿದ್ದೂ ಅದನ್ನೇ. "ನೋಡಿ ಜಿವ್ಕೊ ಅವರೇ, ಇವತ್ತು ನಾಲ್ಕು ಗಂಟೆಗೆ ನಿಮ್ಮನ್ನ ವಿಡಿಯೋದಲ್ಲಿ ಮಾತಾಡ್ಸೋರು ಹೆಂಡ್ರಿಕ್ ಅಂತ, ಡಚ್ಚರು. ಹೋದ ತಿಂಗಳು ನಾನು ಕಳಿಸಿದ ಒಬ್ರು ಬೇರೆ ಕಂಪನೀಲಿ ಬಾಯಲ್ಲಿ ಹೌದು ಅಂತ ತಲೆಯಲ್ಲಿ ಇಲ್ಲ ಅಂದು ಕೆಲ್ಸ ಕಳ್ಕೊಂಡ್ರು. ನೀವು ಪರದೇಶದವರ ಥರಾನೇ ತಲೆ ಆಡಿಸ್ಬೇಕು. ಈಗಿಂದ್ಲೇ ಅಭ್ಯಾಸ ಮಾಡ್ಕೊಂಡ್ಬಿಡಿ."

ಬೇರೆ ಕಂಪನಿಗಳಿಗೆ ಬುದ್ಧಿ ಹೇಳುವುದು, ಆ ಬುದ್ಧಿಗೆ ತಕ್ಕ ಸಾಫ್ಟ್‌ವೇರು ಮಾಡಿಕೊಡುವುದು, ಇವೆರಡೂ ಹೆಂಡ್ರಿಕ್‌ನ ಸಂಸ್ಥೆಯ ಕಸುಬು. ಜಿವ್ಕೊನಿಗೆ ಬೇಕಾಗಿದ್ದು ಮಾತ್ರ ಅದರ ಕಚೇರಿ ಇದ್ದ ಜಾಗ. ಸೋಫಿಯಾ ಎಂದರೆ ಅತ್ತೆಯ ಮನೆಯಿಂದ ರೈಲಿನಲ್ಲಿ ಅರ್ಧ ದಿನ ದೂರ. ಮದುವೆಯಾದಂದಿನಿಂದ ಅವನು ಮನೆ ಅಳಿಯ. ಅತ್ತೆ ಸ್ಟೊಯ್ನಾ ಕೆಟ್ಟವಳೇನಲ್ಲ. ಫ್ರಿಜ್ಜು ತೆರೆದರೆ ಯಾಕೆ ಎನ್ನುವಳು, ಮುಚ್ಚಿದರೆ ಇಷ್ಟು ಬೇಗ ಯಾಕೆ ಎನ್ನುವಳು, ಅಷ್ಟೇ. ಈ ಕೆಲಸ ಸಿಕ್ಕಿದರೆ ತನ್ನದೇ ಫ್ರಿಜ್ಜನ್ನು ದಿನವಿಡೀ ತೆರೆದಿಡುತ್ತೇನೆಂದು ಅವನು ಹೆಂಡತಿ ನೆವೇನಾಗೆ ಮಾತು ಕೊಟ್ಟಿದ್ದ.

ಕನ್ನಡಿಯ ಮುಂದೆ ಕೋಲೆ ಬಸವನಂತೆ ಗೋಣು ಆಡಿಸುತ್ತಿದ್ದಾಗ ಮೇಲಿನ ಮಹಡಿಯ ನೆರೆಯಾತ ಪೆಂಚೊ ಬಂದ. ಟ್ರಾಲಿಬಸ್ಸು ಓಡಿಸಿ ನಿವೃತ್ತನಾದವನು, ಕರೆಯದೆ ಬಂದು ಕೇಳದೆ ಸಲಹೆ ಕೊಡುವವನು. ತಲೆಯೊಂದಿದ್ದರೆ ಸಾಲದು, ಉಚ್ಚಾರವೂ ಬೇಕು ಎಂದು ಜೇಬಿನಿಂದ ವೈನ್ ಬಾಟಲಿಯ ಬಿರಡೆಯೊಂದನ್ನು ತೆಗೆದ. "ಇದನ್ನ ಹಲ್ಲಲ್ಲಿ ಕಚ್ಕೊಂಡು ನಾಲ್ಕು ಗಂಟೆವರೆಗೂ ಓದ್ತಾ ಇರು. ತೆಗೆದ್ಯೋ, ಮಾಡಿದ್ದೆಲ್ಲ ಹೊಳೇಲಿ ಹುಣಸೆಹಣ್ಣು. ನಾನು ಸ್ಟಾಪುಗಳ ಹೆಸರು ಕೂಗೋದು ಕಲ್ತಿದ್ದೇ ಹೀಗೆ." ಪೆಂಚೊ ಕೂಗಿದ ಸ್ಟಾಪು ಯಾವುದೆಂದು ಒಬ್ಬ ಪ್ರಯಾಣಿಕನಿಗೂ ತಿಳಿದದ್ದಿಲ್ಲ. ಆದರೂ ಜಿವ್ಕೊ ಬಿರಡೆ ಕಚ್ಚಿದ. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ.

ಮಧ್ಯಾಹ್ನ ಅಂಗಳದಲ್ಲಿ ಅತ್ತೆ ಇಡೀ ಚಳಿಗಾಲಕ್ಕಾಗುವಷ್ಟು ಕೆಂಪು ಮೆಣಸಿನಕಾಯಿ ಗೊಜ್ಜನ್ನು ಕೊಪ್ಪರಿಗೆಯಲ್ಲಿ ತಿರುವುತ್ತಿದ್ದಳು. ನೆಗಡಿಯಾಗಿ ಅವಳ ನಾಲಿಗೆಗೆ ರುಚಿಯೇ ತಿಳಿಯುತ್ತಿರಲಿಲ್ಲ. ಅಳಿಯನನ್ನು ಕರೆದು ಬಿರಡೆಯ ಸಂದಿಯಿಂದ ಒಂದು ತೊಟ್ಟು ಅವನ ನಾಲಿಗೆಗೆ ಮುಟ್ಟಿಸಿ, ಉಪ್ಪು ಸಾಕಾ ಎಂದು ಕೇಳಿದಳು. ಸಾಕು ಎಂದು ಜಿವ್ಕೊ ಪರದೇಶದವರಂತೆ ಮೇಲೆ ಕೆಳಗೆ ತಲೆಯಾಡಿಸಿದ. ಅವಳು ಇನ್ನೊಂದು ಹಿಡಿ ಹಾಕಿದಳು. ಸಾಕು ಸಾಕು ಎಂದು ಅವನು ಜೋರಾಗಿ ಆಡಿಸಿದ. ಮತ್ತೊಂದು ಹಿಡಿ ಬಿತ್ತು. ಅನಾಹುತ ಹೊಳೆದು, ಬೇಡ ಬೇಡ ಎಂದು ಗಾಬರಿಯಲ್ಲಿ ಅಡ್ಡಡ್ಡ ಆಡಿಸಿದ.

"ಹಾಂ, ಈಗ ಸರಿಹೋಯ್ತು" ಎಂದು ಅತ್ತೆ ಸೌಟು ಕೊಡವಿದಳು.

ಗೊಜ್ಜು ತಿನ್ನುವ ಹೊತ್ತಿಗೆ ತಾನು ಸೋಫಿಯಾದಲ್ಲಿರುತ್ತೇನಲ್ಲ ಎಂದು ಜಿವ್ಕೊ ಸಮಾಧಾನ ಮಾಡಿಕೊಂಡ. ನಾಲ್ಕಕ್ಕೆ ಸ್ವಲ್ಪ ಮುಂಚೆ ಮೇಲೆ ಹತ್ತುವಾಗ, ಹೆಗಲ ಮೇಲೆ ಡ್ರಿಲ್ಲಿಂಗ್ ಮೆಷೀನು ಇಟ್ಟುಕೊಂಡ ಪೆಂಚೊ ಲಿಫ್ಟಿನೊಳಗೆ ನಿಂತಿದ್ದ. "ಕಪಾಟು ತೂಗುಹಾಕ್ಬೇಕು ಕಣಯ್ಯ. ಈಗ್ಲೇ ಗೋಡೆ ಕೊರೀಲಾ?"

ಬೆಳಗಿನಿಂದ ತಿದ್ದಿದ ಗೋಣು, ಯೋಚಿಸಲು ಬಿಡದೆ ಬೇಡವೆಂದು ಜೋರಾಗಿ ಅಡ್ಡಡ್ಡ ಆಡಿತು.

"ಅಷ್ಟು ಜೋರಾಗಿ ಬೇಡಪ್ಪ, ಒಂದ್ಸಲ ಹೂಂ ಅಂದ್ರೆ ಸಾಕು" ಎಂದು ಪೆಂಚೊ ಮೆಚ್ಚಿಕೊಂಡ. ಇವನು ಬಿರಡೆ ಕಿತ್ತು ಕೂಗುವಷ್ಟರಲ್ಲಿ ಲಿಫ್ಟು ಮೇಲಕ್ಕೆ ಹೋಗಿತ್ತು.

ಹೆಂಡ್ರಿಕ್ ಬಿಳಿಗಡ್ಡದ ಸೌಮ್ಯ ಮನುಷ್ಯ. ಮೊದಲ ಕಾಲು ಗಂಟೆ ಜಿವ್ಕೊ ತನ್ನ ಅನುಭವ, ಅತ್ತೆಯ ಮನೆಯ ವಾಸ ಎಲ್ಲ ಹೇಳಿಕೊಳ್ಳುವುದರಲ್ಲೇ ಕಳೆಯಿತು. ತಲೆಯಾಡಿಸುವ ಸಂದರ್ಭವೇ ಬರಲಿಲ್ಲವಲ್ಲ ಎಂದು ಅವನಿಗೆ ಬೇಸರವೂ ಆಯಿತು. ಅಷ್ಟರಲ್ಲಿ ಮೇಲೆ ಡ್ರಿಲ್ಲು ಶುರುವಾಯಿತು. ಪಿಂಗಾಣಿ ನಡುಗಿತು, ಸೂರಿನ ಸುಣ್ಣ ಟೈ ಮೇಲೆ ಉದುರಿತು. ಹೆಂಡ್ರಿಕ್ ಕಿವಿ ಮುಚ್ಚಿಕೊಂಡು, ಒಂದು ಹಾಳೆಯಲ್ಲಿ ದಪ್ಪಗೆ ಬರೆದು ತೋರಿಸಿದ: 'ಏನೂ ಕೇಳಿಸುತ್ತಿಲ್ಲ. ಎರಡೇ ಪ್ರಶ್ನೆ ಉಳಿದಿವೆ. ತಲೆಯಲ್ಲೇ ಉತ್ತರಿಸಿ.'

ಜಿವ್ಕೊನಿಗೆ ಕುಣಿಯುವಷ್ಟು ಖುಷಿಯಾಯಿತು. ಪರೀಕ್ಷೆಗೆ ಓದಿದ ಪಾಠವೇ ಬಂದಿತ್ತು.

'ನಿಮ್ಮ ಅರ್ಜಿಯಲ್ಲಿ ಎಲ್ಲಾದರೂ ಉತ್ಪ್ರೇಕ್ಷೆ ಇದೆಯೇ?' ಎಂದು ಮೊದಲ ಹಾಳೆ ಕೇಳಿತು. ಸರಿಯಾಗಿ ಅದೇ ಗಳಿಗೆಯಲ್ಲಿ ಅತ್ತೆ ಫೋನು ಹಿಡಿದು ಅವನ ಬೆನ್ನ ಹಿಂದೆ ಬಂದು ನಿಂತು ಕಿವಿಯಲ್ಲಿ ಕಿರುಚಿದಳು: "ನನ್ ತಂಗಿ ತ್ಸೋನಾ ಚಳಿಗಾಲಕ್ಕೆ ನಮ್ಮನೇಗೇ ಬರ್ತಾಳಂತೆ. ಬರ್ಲೇನೋ?" ಜಿವ್ಕೊ ಒಂದೇ ಏಟಿಗೆ ಎರಡಕ್ಕೂ ಉತ್ತರವಾಗಲಿ ಎಂದು ಖಡಾಖಂಡಿತವಾಗಿ ಅಡ್ಡಡ್ಡ ತಲೆಯಾಡಿಸಿದ. ಅತ್ತೆ ಫೋನಿಗೆ "ಹೊರಟು ಬಾರೇ" ಎಂದಳು. ಹೆಂಡ್ರಿಕ್‌ನ ಹುಬ್ಬು ಮೇಲೇರಿತು.

ಎರಡನೆಯ ಹಾಳೆ ಬಂತು: 'ಸೋಫಿಯಾಗೆ ಬಂದು ನೆಲೆಸಲು ಸಿದ್ಧರೇ?' ಜಿವ್ಕೊ ಕತ್ತು ಉಳುಕುವಷ್ಟು ಮೇಲೆ ಕೆಳಗೆ ಆಡಿಸಿದ. ಹೆಂಡ್ರಿಕ್ ಅವನನ್ನು ನೋಡಿದ, ಬೆನ್ನ ಹಿಂದೆ ನಿಂತಿದ್ದ ಅತ್ತೆಯನ್ನು ನೋಡಿದ, ಕಣ್ಣು ಒರೆಸಿಕೊಂಡ. ಆಮೇಲೆ ನಿಧಾನವಾಗಿ ಅಡ್ಡಡ್ಡ ತಲೆಯಾಡಿಸಿ ಮರೆಯಾದ.

ಮುಗಿಯಿತು, ಕೆಲಸ ಹೋಯಿತು. ಜಿವ್ಕೊ ಟೈ ಬಿಚ್ಚಿ ಅದರಿಂದಲೇ ಮೇಜಿನ ಸುಣ್ಣ ಒರೆಸಿದ. ನಿಜಕ್ಕೂ ಅಳು ಬಂದಿತ್ತು.

ಸಂಜೆ ನೆವೇನಾ ಕೆಲಸದಿಂದ ಮರಳುವ ಹೊತ್ತಿಗೆ ರಲಿತ್ಸಾಳ ಫೋನು ಬಂತು. "ಕೆಲ್ಸ ಸಿಕ್ತು ಜಿವ್ಕೊ ಅವರೇ! ಅಂದಹಾಗೆ, ಅವರ ಹೆಂಡ್ತಿ ನಮ್ಮ ವ್ರಾತ್ಸಾ ಊರಿನವರಂತೆ. ಹೆಂಡ್ರಿಕ್ ಅವರೂ ಎಷ್ಟೋ ವರ್ಷದಿಂದ ಇಲ್ಲೇ ಇದ್ದು ನಮಗಿಂತ ಚೆನ್ನಾಗಿ ನಮ್ಮ ಥರ ತಲೆ ಆಡಿಸ್ತಾರೆ. ನಂಗೆ ಈಗ್ಲೇ ಗೊತ್ತಾಗಿದ್ದು. ಸದ್ಯ, ನೀವು ನನ್ನ ಮಾತು ಕೇಳಿಲ್ಲ ಅನ್ಸುತ್ತೆ."

ಜಿವ್ಕೊ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ.

"ಅರ್ಜಿಯಲ್ಲಿ ಉತ್ಪ್ರೇಕ್ಷೆ ಇದೆ ಅಂತ ಮುಖ ಕೊಟ್ಟು ಒಪ್ಕೊಂಡ ಮೊದಲನೇ ಮನುಷ್ಯ ನೀವೇ ಅಂತೆ. ಆ ಪ್ರಾಮಾಣಿಕತೆಗೇ ಕೆಲ್ಸ ಕೊಟ್ಟಿದ್ದು. ಸೋಫಿಯಾಗೆ ಬರಲ್ಲ ಅಂದ್ರಲ್ಲ, ಅದಂತೂ ಅವರ ಕರುಳು ಹಿಂಡ್ತಂತೆ. ವಯಸ್ಸಾದ ಅತ್ತೆಯನ್ನ ಬಿಟ್ಟಿರಲಾರದ ಅಳಿಯ ಈ ಕಾಲದಲ್ಲಿ ಎಲ್ಲಿ ಸಿಗ್ತಾನೆ? ಅದಕ್ಕೇ ನಿಮಗೆ ಖಾಯಂ ಆಗಿ ಮನೆಯಿಂದ್ಲೇ ಕೆಲ್ಸ."

ಅದೆಲ್ಲ ಉಲ್ಟಾ ಎನ್ನಲು ಜಿವ್ಕೊ ಬಾಯಿ ತೆರೆದ. ತೆರೆದ ಮೇಲೆ ಹೊಳೆಯಿತು. ಸೋಫಿಯಾದ ಉತ್ತರ ಉಲ್ಟಾ ಎಂದರೆ ಪ್ರಾಮಾಣಿಕತೆಯ ಉತ್ತರವೂ ಉಲ್ಟಾ. ಅದು ಹೋದರೆ ಕೆಲಸವೂ ಹೋಗುತ್ತದೆ. ನುಂಗಲಾರದ, ಉಗುಳಲಾರದ ಬಿಸಿತುಪ್ಪ. ಅವನು ಬಾಯಿ ಮುಚ್ಚಿ ಥ್ಯಾಂಕ್ಸ್ ಎಂದ.

ಊಟಕ್ಕೆ ಕೂತಾಗ ಸುದ್ದಿ ಕೇಳಿದ ಅತ್ತೆ, ಅಡುಗೆಮನೆಯ ಮೇಜಿನ ಅರ್ಧ ಅವನ ಕಂಪ್ಯೂಟರಿಗೆ, ಇನ್ನರ್ಧ ನಾಳೆ ಬರುವ ತ್ಸೋನಾಳ ಹೆಣಿಗೆಗೆ ಎಂದು ಜಾಗ ಹಂಚಿದಳು. ನೆವೇನಾ ಗಂಡನ ಮುಖವನ್ನೇ ನೋಡಿದಳು. "ನಿಂಗೆ ಖುಷಿ ತಾನೆ?"

ಜಿವ್ಕೊ ತಲೆ ಯಾವ ಕಡೆಗೂ ಅಲ್ಲಾಡದಂತೆ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡ.

"ಪಾಪ, ಖುಷಿಗೆ ತಲೆ ತಿರುಗ್ತಿರ್ಬೇಕು" ಎಂದ ಅತ್ತೆ, ಅವನ ಬ್ರೆಡ್ಡಿನ ಮೇಲೆ ದೊಡ್ಡ ಸೌಟಿನಲ್ಲಿ ಗೊಜ್ಜು ಸುರಿದಳು.