ಮಹದೇವಪ್ಪನವರು ನೇರ ಮಾಡಿದ ದಾರಿ

ಕೈ ಬಿಗಿ ಹಿಡಿಯುವುದು ನನಗೆ ಹುಟ್ಟಿನಿಂದಲೇ ಬಾರದು. ನಂಜನಗೂಡಿನ ನಮ್ಮ ಮನೆಯಲ್ಲಿ ಬೇಕಾದಷ್ಟೇ ಬಡಿಸಿದರೆ ಅದು ಅವಮಾನ. ನೆಂಟರು ಎಲೆಗೆ ಕೈ ಅಡ್ಡ ಹಿಡಿದರೂ ಅಮ್ಮ ಬೆರಳ ಸಂದಿಯಲ್ಲೇ ಇನ್ನೊಂದು ಸೌಟು ಸಾರು ಬಿಡುತ್ತಿದ್ದಳು. ಆ ಬುದ್ಧಿಯೇ ನನಗೂ ಬಂದಿದೆ. ತೊಂದರೆ ಏನೆಂದರೆ, ನಾನು ಬಡಿಸುವುದು ಸಾರಲ್ಲ, ಕಂಪ್ಯೂಟರಿನ ಅನುಮತಿ.

ಟಿ. ನರಸೀಪುರದ ಒಂದು ನರ್ಸಿಂಗ್ ಹೋಮಿನ ಕ್ಲೌಡ್ ಸರ್ವರುಗಳನ್ನು ಮನೆಯಿಂದಲೇ ನೋಡಿಕೊಳ್ಳುತ್ತೇನೆ. ಅವು ಯಾವ ಊರಿನಲ್ಲಿವೆಯೋ ದೇವರಿಗೇ ಗೊತ್ತು; ಅಲ್ಲಿಗೆ ಹೋಗಿಬರುವ ದಾರಿಗಳ ಪಟ್ಟಿ ಮಾತ್ರ ನನ್ನ ಕೈಯಲ್ಲಿ. ರೋಗಿಗಳ ರಿಪೋರ್ಟುಗಳಿರುವ ಸರ್ವರಿಗೆ ಹೊರಗಿನಿಂದ ನೇರ ದಾರಿ ಇರಬಾರದು, ಎಲ್ಲರೂ ಕಾವಲಿನ ಫೈರ್‌ವಾಲ್ ಮೂಲಕ ಸುತ್ತಿಯೇ ಬರಬೇಕು. ಅಲ್ಲಿನ ಮ್ಯಾನೇಜರ್ ಮಹದೇವಪ್ಪನವರು ತಮಗೂ ಒಂದು ಪಾಸ್‌ವರ್ಡ್ ಬೇಕೆಂದರು. ಹಿರಿಯರಿಗೆ ಅರ್ಧಂಬರ್ಧ ಕೊಟ್ಟರೆ ಏನಂದುಕೊಂಡಾರು ಎಂದು ಪೂರ್ತಿ ಅನುಮತಿಯನ್ನೇ ಕೊಟ್ಟುಬಿಟ್ಟೆ.

ಮೊನ್ನೆ ಬೆಳಿಗ್ಗೆ ಇಡ್ಲಿ ಮುರಿಯುತ್ತಾ ದಾರಿಗಳ ಪಟ್ಟಿ ತೆರೆದೆ. ರಿಪೋರ್ಟಿನ ಸರ್ವರ್ ಬಟಾಬಯಲಿನಲ್ಲಿ ನಿಂತಿತ್ತು! ಯಾರಿಗೆ ಸಕ್ಕರೆ ಕಾಯಿಲೆ, ಯಾರು ಬಸುರಿ, ಯಾರು ಮನೆಯವರಿಗೂ ಹೇಳದೆ ಏನು ಪರೀಕ್ಷೆ ಮಾಡಿಸಿಕೊಂಡರು, ಎಲ್ಲವೂ ದಾರಿಹೋಕರ ಪಾಲಿಗೆ. ಕಾವಲಿನ ದಾರಿ ತೆಗೆದವರು ಯಾರೆಂದು ಮಹದೇವಪ್ಪನವರಿಗೆ ಫೋನ್ ಮಾಡಿ ಕೇಳಿದೆ.

“ಅದಾ? ನಾನೇ ಸಾ. ಸುಮ್ನೆ ಸುತ್ತಾಕ್ಕೊಂಡು ಓಯ್ತಿತ್ತು, ನಿಧಾನ ಆಯ್ತಿತ್ತು. ನೇರ ಮಾಡ್ಬುಟ್ಟೆ,” ಎಂದರು, ನನಗೇನೋ ಉಪಕಾರ ಮಾಡಿದವರ ದನಿಯಲ್ಲಿ.

ಮೊದಲು ಅನುಮತಿಯ ಪಟ್ಟಿಯಿಂದ ಇವರ ಹೆಸರು ತೆಗೆದು ಹಾಕೋಣವೆಂದು ಒತ್ತಿದೆ. ಅವಸರದಲ್ಲಿ ಬೆರಳು ಒಂದು ಸಾಲು ಮೇಲೆ ಬಿತ್ತು. ಅಳಿಸಿಹೋದದ್ದು ನನ್ನ ಹೆಸರು. ಅಯ್ಯೋ, ನಮ್ಮೂರ ದೇವರೇ, ನಂಜುಂಡಪ್ಪಾ! ಊರವರ ಕಾಯಿಲೆಗಳೆಲ್ಲ ಬೀದಿಯಲ್ಲಿ, ನಾನು ಹೊರಗೆ, ಸರಿಮಾಡುವ ಅಧಿಕಾರ ಈಗ ಮಹದೇವಪ್ಪನವರೊಬ್ಬರಿಗೇ.

ಮಾನ ಮರ್ಯಾದೆ ಬಿಟ್ಟು ಫೋನಿನಲ್ಲೇ ಅವರಿಗೆ ಎಲ್ಲವನ್ನೂ ಹೇಳಿದೆ. ಆ ರಿಪೋರ್ಟುಗಳಲ್ಲಿ ತಮ್ಮ ಸೊಸೆಯದೂ ಇದೆ ಎಂದು ನೆನಪಾದ ಮೇಲೆ ಅವರ ದನಿಯೂ ಇಳಿಯಿತು. ನಾನು ಹೇಳಿದ ಹಾಗೆ ಒಂದೊಂದೇ ಒತ್ತಿ ಹಳೆಯ ದಾರಿ ಹಾಕಿದರು. ಬಂದುಹೋದವರ ಲೆಕ್ಕವನ್ನೂ ಓದಿಸಿದೆ. ಹೊರಗಿನವರಾರೂ ಒಳಗೆ ಬಂದಿರಲಿಲ್ಲ, ಪುಣ್ಯ. ಆಮೇಲೆ ನನ್ನ ಹೆಸರನ್ನೂ ಮತ್ತೆ ಸೇರಿಸಿದರು. ತೆರೆದು ನೋಡುತ್ತೇನೆ, ನನಗೆ ಸಿಕ್ಕಿದ್ದು ಬರೀ ನೋಡುವ ಅನುಮತಿ. ತಿದ್ದುವ ಅನುಮತಿ ಕೊಡುವುದು ಮರೆತಿರಲ್ಲ ಎಂದೆ.

“ಮರೆತಿಲ್ಲ ಸಾ, ಬೇಕಂತ್ಲೇ ಬುಟ್ಟಿವ್ನಿ,” ಎಂದರು ಮಹದೇವಪ್ಪ. “ನಿಮ್ ಕೈಗ್ ಕೊಟ್ರೆ, ನನ್ನಂತೋರ್ಗೆಲ್ಲ ಕೊಟ್ಬುಡ್ತೀರಿ ನೀವು.”